34ನೇ ಕ್ಯೂಬಿಟ್‌ಗೆ ನಿಲ್ಲುವ ಸರ್ವರ್, ಐದು ಸುತ್ತಿಗೆ ಮುಗಿಯುವ ಹತ್ತು ನಿಮಿಷ

ಓದುಗರ ಪ್ರಶ್ನೆ:

"ಸರ್, ನಮಸ್ಕಾರ. ನಾನು ಜಮಖಂಡಿ ಕಡೆಯವನು, ಬೆಳಗಾವಿಯ ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಸಕ್ಕರೆ ಕಾರ್ಖಾನೆಗಳಿಗೆ ಕಬ್ಬಿನ ಗಾಡಿಗಳ ಪಾಳಿ ನಿಗದಿ ಮಾಡುವ ತಂತ್ರಾಂಶ ಬರೆಯುತ್ತಿದ್ದೇವೆ. ಯಾವ ಗ್ಯಾಂಗಿನ ಗಾಡಿ ಯಾವ ಹೊತ್ತಿಗೆ ಯಾರ್ಡಿಗೆ ಬರಬೇಕು ಎಂಬುದನ್ನು ಕ್ವಾಂಟಮ್ ಮತ್ತು ಎಚ್‌ಪಿಸಿ (ಸೂಪರ್‌ಕಂಪ್ಯೂಟರ್ ಬಗೆಯ ಭಾರೀ ಗಣನೆ) ಎರಡನ್ನೂ ಸೇರಿಸಿ ಬಿಡಿಸೋಣ ಎಂಬ ಆಸೆ. ನಮ್ಮಲ್ಲಿ 64 ಕೋರ್, 256 ಜಿಬಿ ಮೆಮೊರಿಯ ಸರ್ವರ್ ಇದೆ, 24 ಜಿಬಿಯ ಒಂದು ಜಿಪಿಯು ಇದೆ. ಕ್ವಾಂಟಮ್ ಯಂತ್ರವನ್ನು ಅನುಕರಿಸುವ ಸಿಮ್ಯುಲೇಟರ್ 33 ಕ್ಯೂಬಿಟ್‌ವರೆಗೆ (ಕ್ಯೂಬಿಟ್ ಅಂದರೆ ಕ್ವಾಂಟಮ್ ಬಿಟ್) ಹೇಗೋ ಓಡುತ್ತದೆ, 34ಕ್ಕೆ ಮೆಮೊರಿ ಸಾಲದೆಂದು ನಿಲ್ಲುತ್ತದೆ. ಜಿಪಿಯು 31ಕ್ಕೇ ಕೈ ಎತ್ತುತ್ತದೆ. 6 ಗಾಡಿ, 3 ಪಾಳಿಯ ಸಣ್ಣ ಲೆಕ್ಕವನ್ನು 18 ಕ್ಯೂಬಿಟ್‌ಗಳಲ್ಲಿ ಇಟ್ಟು, 36 ಪ್ಯಾರಾಮೀಟರ್‌ಗಳ ಸರ್ಕ್ಯೂಟ್ ಕಟ್ಟಿ, ಪ್ಯಾರಾಮೀಟರ್‌ಗಳನ್ನು ಸುತ್ತುಸುತ್ತಾಗಿ ತಿದ್ದಲು ಪೈಥಾನ್‌ನ ಸೈಪೈ ಗ್ರಂಥಾಲಯದ ಎಸ್‌ಎಲ್‌ಎಸ್‌ಕ್ಯೂಪಿ ಆಪ್ಟಿಮೈಸರ್ ಹಚ್ಚಿದೆವು. ಸಿಮ್ಯುಲೇಟರ್‌ನಲ್ಲಿ ಉತ್ತರ ಬಂತು. ಐಬಿಎಂನ ನಿಜವಾದ ಯಂತ್ರಕ್ಕೆ ಕಳಿಸಿದರೆ ಎರಡು ದಿನ ಎಳೆದು, ಐದು ಸುತ್ತಿಗೇ ತಿಂಗಳ ಉಚಿತ ಹತ್ತು ನಿಮಿಷ ಖಾಲಿ. ಉತ್ತರವೂ ಎಲ್ಲೆಲ್ಲೋ ಅಲೆಯುತ್ತಿತ್ತು. ಒಮ್ಮೆ ಎಂಪಿಐನಲ್ಲಿ (ಒಂದೇ ಪ್ರೋಗ್ರಾಂ ಅನ್ನು ಹಲವು ಪ್ರತಿಗಳಾಗಿ ಓಡಿಸುವ ವ್ಯವಸ್ಥೆ) 32 ಪ್ರಕ್ರಿಯೆಗಳಾಗಿ ಓಡಿಸಿದಾಗ ಒಂದೇ ಸರ್ಕ್ಯೂಟ್ 32 ಸಲ ಹೋಗಿತ್ತು! ಬೇರೆ ಸಂಸ್ಥೆಯ ಕ್ಲಸ್ಟರ್‌ನಲ್ಲಿ ಜಾಗ ಸಿಕ್ಕಿತು. ಅಲ್ಲಿ ಕಂಪ್ಯೂಟ್ ನೋಡ್‌ಗಳಿಗೆ, ಅಂದರೆ ಲೆಕ್ಕ ಮಾಡುವ ಯಂತ್ರಗಳಿಗೆ, ಇಂಟರ್ನೆಟ್ ಇಲ್ಲ. ಲಾಗಿನ್ ನೋಡ್‌ನಲ್ಲೇ ಓಡಿಸಿದ್ದಕ್ಕೆ ಅಡ್ಮಿನ್ ಬೈದರು. ಇತ್ತ ಒಬ್ಬ ಮಾರಾಟಗಾರರು 'ನಮ್ಮ ಕ್ವಾಂಟಮ್ ಪರಿಹಾರ ಸಾವಿರ ಪಟ್ಟು ವೇಗ' ಅನ್ನುತ್ತಿದ್ದಾರೆ. ನಮ್ಮ ಕೋಡ್ ತಪ್ಪೇ, ಯಂತ್ರ ತಪ್ಪೇ, ಆಸೆಯೇ ತಪ್ಪೇ? ಪೈಥಾನ್ ಬಿಟ್ಟು ಸಿ ಪ್ಲಸ್ ಪ್ಲಸ್‌ಗೆ ಹೋಗಬೇಕೆ?"

ಉತ್ತರ:

ನಿಮ್ಮ ಪತ್ರದಲ್ಲಿ ಐದು ದೂರುಗಳಿವೆ. 34ನೇ ಕ್ಯೂಬಿಟ್‌ಗೆ ಸರ್ವರ್ ನಿಲ್ಲುವುದು ದೋಷವಲ್ಲ, ಗಣಿತ. 32 ಸಲ ಜಾಬ್ (ಯಂತ್ರಕ್ಕೆ ಕಳಿಸುವ ಒಂದು ಕೆಲಸ) ಹೋದದ್ದು ಶುದ್ಧ ಕೋಡ್ ದೋಷ, ಎರಡು ಸಾಲಿನಲ್ಲಿ ಸರಿಹೋಗುತ್ತದೆ. ಉತ್ತರ ಅಲೆದದ್ದು ಆಪ್ಟಿಮೈಸರ್‌ನ ಆಯ್ಕೆಯಿಂದ. ಹತ್ತು ನಿಮಿಷ ಖಾಲಿಯಾದದ್ದು ವಿನ್ಯಾಸದ ತಪ್ಪು, ಇದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಗಾಡಿಗಳ ಪಾಳಿಗೆ ಕ್ವಾಂಟಮ್ ಬೇಕೇ ಎಂಬುದು ಐದನೆಯದು. ಅದರ ಉತ್ತರ ನಿಮಗೆ ಹಿಡಿಸಲಿಕ್ಕಿಲ್ಲ.

ಮೊದಲು ಮೆಮೊರಿ

ಸ್ಟೇಟ್‌ವೆಕ್ಟರ್ ಸಿಮ್ಯುಲೇಟರ್ ಪ್ರತಿಯೊಂದು ಸಾಧ್ಯತೆಗೂ ಒಂದು ಸಂಕೀರ್ಣ ಸಂಖ್ಯೆಯನ್ನು ಇಟ್ಟುಕೊಳ್ಳುತ್ತದೆ. ಡಬಲ್ ಪ್ರಿಸಿಷನ್‌ನಲ್ಲಿ ಒಂದಕ್ಕೆ 16 ಬೈಟ್. 30 ಕ್ಯೂಬಿಟ್‌ಗೆ 16 ಜಿಬಿ, 33ಕ್ಕೆ 128 ಜಿಬಿ, 34ಕ್ಕೆ 256 ಜಿಬಿ. ನಿಮ್ಮ ಸರ್ವರ್‌ನಲ್ಲಿ ಇರುವುದೇ 256, ಅದರಲ್ಲಿ ಆಪರೇಟಿಂಗ್ ಸಿಸ್ಟಮ್‌ಗೂ ಪೈಥಾನ್‌ಗೂ ಪಾಲು ಹೋಗಬೇಕು. ಹೀಗಾಗಿ 33ಕ್ಕೇ ಕೊನೆ. ಜಿಪಿಯುನಲ್ಲಿ 31ಕ್ಕೆ 32 ಜಿಬಿ ಬೇಕು, ಇರುವುದು 24. ಸಿಂಗಲ್ ಪ್ರಿಸಿಷನ್‌ಗೆ ಇಳಿಸಿದರೆ ಎರಡರಲ್ಲೂ ಒಂದೊಂದು ಕ್ಯೂಬಿಟ್ ಹೆಚ್ಚು ಸಿಗುತ್ತದೆ, ಅಷ್ಟೆ. ನಿಜಯಂತ್ರದ ನಾಯ್ಸ್ (ಲೆಕ್ಕ ಕೆಡಿಸುವ ಗದ್ದಲ) ಸೇರಿಸಿ ಡೆನ್ಸಿಟಿ ಮ್ಯಾಟ್ರಿಕ್ಸ್ ವಿಧಾನದಲ್ಲಿ ಓಡಿಸಿದರೆ ಲೆಕ್ಕ ಎರಡರ ಘಾತದ ಬದಲು ನಾಲ್ಕರ ಘಾತವಾಗುತ್ತದೆ: 15 ಕ್ಯೂಬಿಟ್‌ಗೇ 16 ಜಿಬಿ.

"ಸೂಪರ್‌ಕಂಪ್ಯೂಟರ್ ಸಿಕ್ಕರೆ 60, 70 ಕ್ಯೂಬಿಟ್ ಓಡಿಸಬಹುದು" ಎಂದುಕೊಳ್ಳುವವರು ಬಹಳ. ಜಪಾನಿನ ಫುಗಾಕುವಿನಲ್ಲಿ 1,58,976 ನೋಡ್‌ಗಳಿವೆ, ಒಂದೊಂದಕ್ಕೆ 32 ಜಿಬಿ. ಎಲ್ಲ ಕೂಡಿಸಿದರೂ 4.85 ಪೆಟಾಬೈಟ್ ಆಗುತ್ತದೆ. 48 ಕ್ಯೂಬಿಟ್‌ನ ಪೂರ್ಣ ಸ್ಟೇಟ್‌ವೆಕ್ಟರ್‌ಗೆ 4 ಪೆಟಾಬೈಟ್ ಬೇಕು. 49 ಹಿಡಿಯುವುದಿಲ್ಲ.

ನಿಮಗೆ ಸಿಕ್ಕಿರುವ ಕ್ಲಸ್ಟರ್‌ನಲ್ಲಿ ನಿಮ್ಮ ಸರ್ವರ್‌ನಂಥವೇ 16 ನೋಡ್ ಇದ್ದರೆ ನಾಲ್ಕು ಕ್ಯೂಬಿಟ್ ಹೆಚ್ಚು, ಅಂದರೆ 37ರವರೆಗೆ ಹೋಗಬಹುದು. ಆದರೆ ಆಗ ನೆಟ್‌ವರ್ಕ್ ಕಾಡುತ್ತದೆ. ಮೇಲಿನ ನಾಲ್ಕು ಕ್ಯೂಬಿಟ್‌ಗಳ ಮೇಲೆ ಗೇಟ್ (ಕ್ಯೂಬಿಟ್ ಮೇಲಿನ ಒಂದು ಕ್ರಿಯೆ) ಬಿದ್ದಾಗ ಸಾಮಾನ್ಯವಾಗಿ ಪ್ರತಿ ನೋಡ್ ತನ್ನ ಪಾಲಿನ ಅರ್ಧವನ್ನಾದರೂ ಜೋಡಿ ನೋಡ್‌ಗೆ ಕಳಿಸಬೇಕು. ಪಾಲು 128 ಜಿಬಿ, ಅರ್ಧ 64. ಸೆಕೆಂಡಿಗೆ 100 ಗಿಗಾಬಿಟ್‌ನ ಇನ್ಫಿನಿಬ್ಯಾಂಡ್ ಇದ್ದರೆ ಒಂದು ಗೇಟ್‌ಗೆ ಐದೂವರೆ ಸೆಕೆಂಡ್. ಸಾಮಾನ್ಯ ಒಂದು ಗಿಗಾಬಿಟ್ ಈಥರ್‌ನೆಟ್ ಆದರೆ ಒಂದು ಗೇಟ್‌ಗೆ ಒಂಬತ್ತು ನಿಮಿಷ. ಆದ್ದರಿಂದ ಕ್ವಿಸ್ಕಿಟ್‌ನ (ಐಬಿಎಂನ ಕ್ವಾಂಟಮ್ ತಂತ್ರಾಂಶ) ಏರ್ ಸಿಮ್ಯುಲೇಟರ್‌ನಲ್ಲಿ ಬ್ಲಾಕಿಂಗ್ ಆಯ್ಕೆಯನ್ನು ಚಾಲೂ ಮಾಡಿ ಓಡಿಸಿ. ಅದು ಮೇಲಿನ ಕ್ಯೂಬಿಟ್‌ಗಳನ್ನು ಕೆಳಗೆ ತಂದು, ಸಾಧ್ಯವಾದಷ್ಟು ಗೇಟ್‌ಗಳನ್ನು ನೋಡ್‌ನ ಒಳಗೇ ಮುಗಿಸಿ, ಆಮೇಲೆ ವಿನಿಮಯ ಮಾಡುತ್ತದೆ.

ನಿಮ್ಮ ಸರ್ಕ್ಯೂಟ್‌ನಲ್ಲಿ ಎಂಟ್ಯಾಂಗಲ್‌ಮೆಂಟ್ (ಕ್ಯೂಬಿಟ್‌ಗಳ ನಡುವಿನ ಹೆಣಿಗೆ) ಕಡಿಮೆ ಇದ್ದರೆ ಇದಾವುದೂ ಬೇಡ. ಅದೇ ಸಿಮ್ಯುಲೇಟರ್‌ನ ಮ್ಯಾಟ್ರಿಕ್ಸ್ ಪ್ರಾಡಕ್ಟ್ ಸ್ಟೇಟ್ ವಿಧಾನಕ್ಕೆ ಬದಲಾಯಿಸಿ ನೋಡಿ. ಅಲ್ಲಿ ಮೆಮೊರಿ ನಿರ್ಧಾರವಾಗುವುದು ಬಾಂಡ್ ಡೈಮೆನ್ಷನ್‌ನಿಂದ, ಅಂದರೆ ಆ ಹೆಣಿಗೆಯನ್ನು ಎಷ್ಟು ವಿವರವಾಗಿ ಇಟ್ಟುಕೊಳ್ಳುತ್ತೇವೆ ಎಂಬುದರಿಂದ. ಆಳವಿಲ್ಲದ, ಅಕ್ಕಪಕ್ಕದ ಕ್ಯೂಬಿಟ್‌ಗಳೇ ಮಾತಾಡುವ ಸರ್ಕ್ಯೂಟ್‌ಗಳು ನೂರು ಕ್ಯೂಬಿಟ್ ದಾಟಿದರೂ ಸಾದಾ ಸರ್ವರ್‌ನಲ್ಲಿ ಓಡುತ್ತವೆ. ಇದರಲ್ಲಿ ಒಂದು ಅಪಾಯವಿದೆ. ಬಾಂಡ್ ಡೈಮೆನ್ಷನ್‌ಗೆ ಮಿತಿ ಹಾಕಿದರೆ ಉತ್ತರ ಸದ್ದಿಲ್ಲದೆ ಕೆಡುತ್ತದೆ. ಮಿತಿಯನ್ನು 64, 128, 256 ಎಂದು ಏರಿಸುತ್ತ ಹೋಗಿ ಉತ್ತರ ಬದಲಾಗದೆ ನಿಲ್ಲುತ್ತದೆಯೇ ಎಂದು ನೋಡದೆ ನಂಬಬೇಡಿ.

ಹತ್ತು ನಿಮಿಷ ಹೋದದ್ದೆಲ್ಲಿ

ಐಬಿಎಂನ ಸೂಪರ್‌ಕಂಡಕ್ಟಿಂಗ್ ಯಂತ್ರದಲ್ಲಿ ಒಂದು ಗೇಟ್‌ಗೆ ಹಿಡಿಯುವುದು ಹತ್ತಾರು ನ್ಯಾನೋಸೆಕೆಂಡ್. ಆದರೆ ಒಂದು ಶಾಟ್ (ಸರ್ಕ್ಯೂಟನ್ನು ಒಂದು ಸಲ ಓಡಿಸಿ ಅಳೆಯುವುದು) ಮುಗಿದು ಮುಂದಿನದಕ್ಕೆ ಹೋಗುವ ನಡುವಿನ ಅಂತರ ಸಾಮಾನ್ಯವಾಗಿ 250 ಮೈಕ್ರೋಸೆಕೆಂಡ್ ಎಂದು ಮೊದಲೇ ಹೊಂದಿಸಿರುತ್ತದೆ. 4,096 ಶಾಟ್‌ಗೆ ಹೆಚ್ಚೂಕಡಿಮೆ ಒಂದು ಸೆಕೆಂಡ್. ಸರ್ಕ್ಯೂಟ್ ಲೋಡ್ ಮಾಡುವುದಕ್ಕೂ ಸರಾಸರಿ ಮೌಲ್ಯ ಕೊಡುವ ಎಸ್ಟಿಮೇಟರ್ ತಾನಾಗಿಯೇ ಮಾಡುವ ರೀಡ್‌ಔಟ್ (ಅಳತೆಯ ದೋಷದ) ತಿದ್ದುಪಡಿಗೂ ಮತ್ತಷ್ಟು. ಒಂದು ಜಾಬ್‌ಗೆ ಮೂರು ಸೆಕೆಂಡ್ ಎಂದು ಹಿಡಿಯೋಣ.

ಎಸ್‌ಎಲ್‌ಎಸ್‌ಕ್ಯೂಪಿಗೆ ನೀವು ಗ್ರೇಡಿಯಂಟ್ (ಯಾವ ಕಡೆಗೆ ಇಳಿಜಾರು ಎಂಬ ಲೆಕ್ಕ) ಕೊಟ್ಟಿಲ್ಲ. ಅದು ತಾನೇ ಪ್ರತಿ ಪ್ಯಾರಾಮೀಟರನ್ನು ಒಂಚೂರು ಅಲುಗಿಸಿ ನೋಡುತ್ತದೆ. 36 ಪ್ಯಾರಾಮೀಟರ್, ಜೊತೆಗೆ ಮೂಲ ಬಿಂದು: ಒಂದು ಸುತ್ತಿಗೆ 37 ಜಾಬ್. ಮೂರು ಸೆಕೆಂಡಿನಂತೆ 111 ಸೆಕೆಂಡ್. ಹತ್ತು ನಿಮಿಷ ಅಂದರೆ 600 ಸೆಕೆಂಡ್, ಐದು ಸುತ್ತು. ನಿಮ್ಮ ಅನುಭವ ಈ ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ. ಇನ್ನು ಎರಡು ದಿನ ಹಿಡಿದದ್ದಕ್ಕೆ ಕಾರಣ, ಆ ಜಾಬ್‌ಗಳಲ್ಲಿ ಒಂದೊಂದೂ ಬೇರೆ ಬೇರೆಯಾಗಿ ಪಾಳಿಗೆ ನಿಂತಿದ್ದು. ಯಾರ್ಡಿನಲ್ಲಿ ಒಂದು ಗಾಡಿ ಖಾಲಿಯಾದ ಮೇಲೆ ಊರಿಗೆ ಫೋನ್ ಮಾಡಿ ಮುಂದಿನದನ್ನು ಹೊರಡಿಸಿದರೆ ಮಿಲ್ಲು ಎಷ್ಟು ಹೊತ್ತು ಸುಮ್ಮನೆ ನಿಲ್ಲುತ್ತದೋ, ಇಲ್ಲೂ ಅಷ್ಟೇ.

ಸೆಷನ್ (ಯಂತ್ರವನ್ನು ಸ್ವಲ್ಪ ಹೊತ್ತು ನಮಗೇ ಹಿಡಿದಿಡುವುದು) ತೆರೆದರೆ ಆಯಿತಲ್ಲ ಎನ್ನಬಹುದು. ಉಚಿತ ಯೋಜನೆಯಲ್ಲಿ ಸೆಷನ್ ಸೌಲಭ್ಯವಿಲ್ಲ. ದುಡ್ಡು ಕೊಟ್ಟ ಯೋಜನೆಯಲ್ಲಿ ಇದೆ, ಆದರೆ ಅಲ್ಲಿ ಮೀಟರ್ ಗೋಡೆ ಗಡಿಯಾರದ ಪ್ರಕಾರ ಓಡುತ್ತದೆ. ನಿಮ್ಮ ಸರ್ವರ್‌ನಲ್ಲಿ ಆಪ್ಟಿಮೈಸರ್ ಮುಂದಿನ ಹೆಜ್ಜೆ ಯೋಚಿಸುತ್ತ ಕುಳಿತ 20 ಸೆಕೆಂಡಿಗೂ ಬಿಲ್ ಬೀಳುತ್ತದೆ. ಸೆಷನ್ ಒಳಗೆ ಕ್ಲಾಸಿಕಲ್ ಭಾಗ ನಿಧಾನವಾಗಿದ್ದರೆ ಬರೀ ಸುಮ್ಮನಿದ್ದ ಕ್ವಾಂಟಮ್ ಯಂತ್ರಕ್ಕೆ ಬಾಡಿಗೆ ಕಟ್ಟಿದಂತಾಗುತ್ತದೆ.

ಸರಿಪಡಿಸುವ ಕ್ರಮ ಹೀಗೆ. ಮೊದಲು ಜಾಬ್‌ಗಳನ್ನು ಒಟ್ಟುಗೂಡಿಸಿ. ಕ್ವಿಸ್ಕಿಟ್‌ನ ಈಗಿನ ಎಸ್ಟಿಮೇಟರ್ ಮತ್ತು ಸ್ಯಾಂಪ್ಲರ್‌ಗಳು ಒಂದೇ ಸರ್ಕ್ಯೂಟ್ ಜೊತೆ ಪ್ಯಾರಾಮೀಟರ್‌ಗಳ ಒಂದು ಇಡೀ ಕೋಷ್ಟಕವನ್ನು ತೆಗೆದುಕೊಳ್ಳುತ್ತವೆ. 37 ಸಾಲುಗಳ ಕೋಷ್ಟಕ ಕೊಟ್ಟರೆ ಜಾಬ್ ಒಂದೇ, ಪಾಳಿಯೂ ಒಂದೇ. ಶಾಟ್‌ಗಳ 37 ಸೆಕೆಂಡ್ ತಪ್ಪುವುದಿಲ್ಲ, ಮೇಲಿನ ಖರ್ಚು ಮಾತ್ರ ಒಂದೇ ಸಲ. ಆಮೇಲೆ ಆಪ್ಟಿಮೈಸರ್ ಬದಲಿಸಿ. ಎಸ್‌ಪಿಎಸ್‌ಎ ಎಂಬುದು ಪ್ಯಾರಾಮೀಟರ್ ಎಷ್ಟೇ ಇರಲಿ, ಒಂದು ಸುತ್ತಿಗೆ ಎರಡೇ ಮೌಲ್ಯ ಕೇಳುತ್ತದೆ. ಸುತ್ತುಗಳು ಹೆಚ್ಚು ಬೇಕಾಗುತ್ತವೆ, ಆದರೂ ಒಟ್ಟು ಲೆಕ್ಕದಲ್ಲಿ ಬಹಳ ಅಗ್ಗ. ಮೂರನೆಯದು, ಪ್ಯಾರಾಮೀಟರ್‌ಗಳನ್ನು ನಿಮ್ಮ ಸರ್ವರ್‌ನಲ್ಲೇ ಸಿಮ್ಯುಲೇಟರ್ ಮೇಲೆ ಪಳಗಿಸಿ. 18 ಕ್ಯೂಬಿಟ್ ನಿಮ್ಮ ಜಿಪಿಯುಗೆ ಏನೇನೂ ಅಲ್ಲ. ಪಳಗಿದ ಮೌಲ್ಯಗಳನ್ನು ಮಾತ್ರ ನಿಜಯಂತ್ರಕ್ಕೆ ಒಯ್ದು ಕೊನೆಯ ಕೆಲವು ಸುತ್ತುಗಳನ್ನು ಅಲ್ಲಿ ಮುಗಿಸಿ.

ನಾಯ್ಸ್ ತಿದ್ದುಪಡಿಯ ಮಟ್ಟವನ್ನು ಏರಿಸುವಾಗ ಕೈ ಬಿಗಿಹಿಡಿಯಿರಿ. ಎರಡನೇ ಮಟ್ಟದಲ್ಲಿ ಬರುವ ಝೀರೋ ನಾಯ್ಸ್ ಎಕ್ಸ್‌ಟ್ರಾಪೊಲೇಷನ್ ಅದೇ ಸರ್ಕ್ಯೂಟನ್ನು ಹಲವು ನಾಯ್ಸ್ ಪ್ರಮಾಣಗಳಲ್ಲಿ ಓಡಿಸುತ್ತದೆ, ಸಮಯವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಅಲೆದಾಡುವ ಹಂತದಲ್ಲಿ ಸೊನ್ನೆ ಮಟ್ಟವೇ ಸಾಕು, ಕೊನೆಯ ಅಳತೆಗೆ ಮಾತ್ರ ಏರಿಸಿ. ದೊಡ್ಡ ಸರ್ಕ್ಯೂಟನ್ನು ತುಂಡು ಮಾಡಿ ಓಡಿಸುವ ಸರ್ಕ್ಯೂಟ್ ಕಟಿಂಗ್ ಬಗ್ಗೆ ನೀವು ಕೇಳಿರಬಹುದು. ಎರಡು ಕ್ಯೂಬಿಟ್‌ಗಳನ್ನು ಬೆಸೆಯುವ ಒಂದು ಸಿನಾಟ್ ಗೇಟ್ ಕತ್ತರಿಸಿದರೆ ಶಾಟ್‌ಗಳ ಅಗತ್ಯ 9 ಪಟ್ಟು, ಐದು ಕತ್ತರಿಸಿದರೆ 59,049 ಪಟ್ಟು. ಒಂದೆರಡು ಕಡೆ ಕತ್ತರಿಸುವುದಿದ್ದರೆ ಸರಿ, ಅದಕ್ಕಿಂತ ಹೆಚ್ಚಾದರೆ ಬೇಡ.

ಉತ್ತರ ಅಲೆದದ್ದೇಕೆ

ಗ್ರೇಡಿಯಂಟ್ ಅಂದಾಜಿಗೆ ಎಸ್‌ಎಲ್‌ಎಸ್‌ಕ್ಯೂಪಿ ಪ್ಯಾರಾಮೀಟರನ್ನು ಅಲುಗಿಸುವ ಪ್ರಮಾಣ ಸುಮಾರು 0.000000015. ಸ್ಟೇಟ್‌ವೆಕ್ಟರ್ ಸಿಮ್ಯುಲೇಟರ್ ಕೊಡುವುದು ನಿಖರ ಮೌಲ್ಯ, ಹಾಗಾಗಿ ಅಲ್ಲಿ ಅಷ್ಟು ಸಣ್ಣ ವ್ಯತ್ಯಾಸವೂ ಕಾಣಿಸುತ್ತದೆ. ನಿಜಯಂತ್ರದಲ್ಲಿ 4,096 ಶಾಟ್‌ಗಳ ಸರಾಸರಿಗೆ 1/64, ಅಂದರೆ 0.016ರ ಆಸುಪಾಸಿನ ಅಂಕಿಅಂಶದ ಕಂಪನ ಇದ್ದೇ ಇರುತ್ತದೆ. ನೀವು ಹುಡುಕುವ ವ್ಯತ್ಯಾಸಕ್ಕಿಂತ ಆ ಕಂಪನ ಹತ್ತು ಲಕ್ಷ ಪಟ್ಟು ದೊಡ್ಡದು. ಆಪ್ಟಿಮೈಸರ್‌ಗೆ ಸಿಕ್ಕ ಗ್ರೇಡಿಯಂಟ್ ಪೂರಾ ಕಸ. ಎಲ್-ಬಿಎಫ್‌ಜಿಎಸ್-ಬಿ ಎಂಬ ಆಪ್ಟಿಮೈಸರ್‌ಗೂ ಇದೇ ಗತಿ. ನಾಯ್ಸ್ ಇರುವಲ್ಲಿ ಎಸ್‌ಪಿಎಸ್‌ಎ, ಇಲ್ಲವೇ ದೊಡ್ಡ ಆರಂಭಿಕ ಹೆಜ್ಜೆ ಕೊಟ್ಟ ಕೋಬೈಲಾ ಬಳಸಿ. ನಿಖರ ಗ್ರೇಡಿಯಂಟ್ ಬೇಕೇ ಬೇಕಾದರೆ ಪ್ಯಾರಾಮೀಟರ್-ಶಿಫ್ಟ್ ನಿಯಮ ಇದೆ, ಅದಕ್ಕೆ ಪ್ಯಾರಾಮೀಟರ್‌ಗೆ ಎರಡರಂತೆ 72 ಮೌಲ್ಯಗಳು ಬೇಕು.

ಶಾಟ್ ಹೆಚ್ಚಿಸಿ ಪಾರಾಗಲಾಗದು. ದೋಷ ಇಳಿಯುವುದು ಶಾಟ್ ಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ. ಇನ್ನೊಂದು ದಶಮಾಂಶ ಸ್ಥಾನ ಬೇಕೆಂದರೆ ನೂರು ಪಟ್ಟು ಶಾಟ್.

ಯಂತ್ರ ಕೊಟ್ಟದ್ದು ಉತ್ತರವೋ ಬರೀ ಗದ್ದಲವೋ ಎಂದು ತಿಳಿಯಲು ನಿಮ್ಮ ಸಣ್ಣ ಲೆಕ್ಕದಲ್ಲಿ ಸೊಗಸಾದ ಪರೀಕ್ಷೆ ಅಡಗಿದೆ. 18 ಕ್ಯೂಬಿಟ್‌ಗೆ 2,62,144 ಬಿಟ್ ಸಾಲುಗಳು ಸಾಧ್ಯ. ಪ್ರತಿ ಗಾಡಿಗೆ ಒಂದೇ ಪಾಳಿ, ಪ್ರತಿ ಪಾಳಿಗೆ ಎರಡೇ ಗಾಡಿ ಎಂಬ ನಿಯಮ ಪಾಲಿಸುವವು ಅದರಲ್ಲಿ 90 ಮಾತ್ರ. ಕಣ್ಣುಮುಚ್ಚಿ ಬಿಟ್ ಎಸೆದರೂ 4,096 ಶಾಟ್‌ನಲ್ಲಿ ಒಂದೆರಡು ಸರಿಯಾದವು ಬೀಳುತ್ತವೆ. ನಿಮ್ಮ ಫಲಿತಾಂಶದಲ್ಲಿ ನಿಯಮಕ್ಕೆ ಹೊಂದುವವು ನೂರಾರು ಇವೆಯೇ ಅಥವಾ ಎರಡು ಮೂರೇ? ಎರಡು ಮೂರೇ ಆಗಿದ್ದರೆ ಯಂತ್ರ ನಿಮಗೆ ಏನನ್ನೂ ಹೇಳಿಲ್ಲ. ಈ ಎಣಿಕೆಯನ್ನು ಪ್ರತಿ ಜಾಬ್‌ನ ಕೊನೆಗೆ ತಾನಾಗಿ ಬರುವಂತೆ ಬರೆದಿಡಿ.

ಎಣಿಸುವಾಗ ಬಿಟ್‌ಗಳ ದಿಕ್ಕು ನೋಡಿಕೊಳ್ಳಿ. ಕ್ವಿಸ್ಕಿಟ್‌ನಲ್ಲಿ ಸೊನ್ನೆಯ ಕ್ಯೂಬಿಟ್ ಬಲತುದಿಗೆ ಇರುತ್ತದೆ, ಪೆನ್ನಿಲೇನ್ ಮತ್ತು ಸರ್ಕ್ ಎಂಬ ಬೇರೆ ಕ್ವಾಂಟಮ್ ತಂತ್ರಾಂಶಗಳಲ್ಲಿ ಎಡತುದಿಗೆ. ಒಂದರಿಂದ ಇನ್ನೊಂದಕ್ಕೆ ಕೋಡ್ ತಂದವರು ಇದರಲ್ಲಿ ವಾರಗಟ್ಟಲೆ ಕಳೆಯುತ್ತಾರೆ.

ಜೋಡಣೆ ಕಟ್ಟುವ ಬಗೆ

32 ಸಲ ಜಾಬ್ ಹೋದ ವಿಷಯ. ಎಂಪಿಐನಲ್ಲಿ ನಿಮ್ಮ ಇಡೀ ಪ್ರೋಗ್ರಾಂ 32 ಪ್ರತಿಗಳಾಗಿ ಓಡುತ್ತದೆ, ಪ್ರತಿಯೊಂದೂ ಜಾಬ್ ಕಳಿಸುವ ಸಾಲಿಗೆ ಬರುತ್ತದೆ. ಕಳಿಸುವ ಕೆಲಸ ಮೊದಲ ಪ್ರತಿಗೆ, ಅಂದರೆ ಸೊನ್ನೆಯ ರ್‍ಯಾಂಕ್‌ಗೆ ಮಾತ್ರ ಎಂದು ಷರತ್ತು ಹಾಕಿ, ಉತ್ತರ ಬಂದ ಮೇಲೆ ಬ್ರಾಡ್‌ಕಾಸ್ಟ್ ಮಾಡಿ. ಅದೇ ಹೊತ್ತಿಗೆ ಥ್ರೆಡ್‌ಗಳನ್ನೂ ನೋಡಿ. ಏರ್ ಮತ್ತು ಪೈಥಾನ್‌ನ ಗಣಿತ ಗ್ರಂಥಾಲಯ ನಂಪೈ ಎರಡೂ ತಂತಮ್ಮ ಥ್ರೆಡ್ ಹುಟ್ಟಿಸುತ್ತವೆ. 32 ಪ್ರಕ್ರಿಯೆ, ಒಂದೊಂದಕ್ಕೆ 64 ಥ್ರೆಡ್ ಆದರೆ 64 ಕೋರ್‌ಗಳ ಮೇಲೆ 2,048 ಥ್ರೆಡ್ ಕುಸ್ತಿ ಆಡುತ್ತವೆ. ಓಪನ್ ಎಂಪಿ ಥ್ರೆಡ್ ಸಂಖ್ಯೆಯನ್ನು ಎರಡಕ್ಕೆ ಕಟ್ಟಿಹಾಕಿ.

ಕ್ಲಸ್ಟರ್‌ನ ಅಡ್ಮಿನ್ ಬೈದದ್ದು ಸರಿಯೇ. ಲಾಗಿನ್ ನೋಡ್ ಎಲ್ಲರದು. ಕಂಪ್ಯೂಟ್ ನೋಡ್‌ಗಳಿಗೆ ಇಂಟರ್ನೆಟ್ ಕೊಡದಿರುವುದು ಬಹುತೇಕ ಕಡೆ ಇರುವ ಭದ್ರತಾ ಕ್ರಮ. ಇದಕ್ಕಿರುವ ದಾರಿ, ಪ್ರೋಗ್ರಾಂ ಅನ್ನೇ ಮೂರು ತುಂಡು ಮಾಡುವುದು. ಒಂದನೆಯದು ಕ್ಲಾಸಿಕಲ್ ಪೂರ್ವಸಿದ್ಧತೆ: ಸರ್ಕ್ಯೂಟ್ ಕಟ್ಟುವುದು, ಟ್ರಾನ್ಸ್‌ಪೈಲ್ ಮಾಡುವುದು (ಯಂತ್ರಕ್ಕೆ ಒಗ್ಗುವ ಗೇಟ್‌ಗಳಿಗೆ ಇಳಿಸುವುದು), ಫೈಲ್‌ಗೆ ಬರೆಯುವುದು. ಇದು ಕಂಪ್ಯೂಟ್ ನೋಡ್‌ನಲ್ಲಿ ಓಡುತ್ತದೆ. ಎರಡನೆಯದು ಹಗುರವಾದ ಒಂದು ದ್ವಾರಪಾಲಕ ಪ್ರಕ್ರಿಯೆ. ಫೈಲ್ ಓದಿ ಕ್ವಾಂಟಮ್ ಯಂತ್ರಕ್ಕೆ ಕಳಿಸುವುದು, ಜಾಬ್ ಐಡಿಯನ್ನು ಡಿಸ್ಕ್‌ಗೆ ಬರೆದಿಡುವುದು, ಕೆಲವು ನಿಮಿಷಕ್ಕೊಮ್ಮೆ ಸ್ಥಿತಿ ವಿಚಾರಿಸುವುದು ಇಷ್ಟೇ ಇದರ ಕೆಲಸ. ಇದಕ್ಕೆ ಒಂದು ಕೋರ್ ಕೂಡ ಪೂರ್ತಿ ಬೇಡ. ಅಡ್ಮಿನ್ ಅನುಮತಿ ಕೊಟ್ಟ ಸರ್ವಿಸ್ ನೋಡ್‌ನಲ್ಲಿ ಇಡಿ, ಆಗದಿದ್ದರೆ ಬೆಳಗಾವಿಯ ನಿಮ್ಮದೇ ಸರ್ವರ್‌ನಲ್ಲಿ ಓಡಿಸಿ. ಮೂರನೆಯದು ಉತ್ತರ ಬಂದ ಮೇಲಿನ ಭಾರೀ ಲೆಕ್ಕ. ಕ್ಲಸ್ಟರ್‌ನ ಜಾಬ್‌ಗಳ ಪಾಳಿ ನೋಡಿಕೊಳ್ಳುವ ಸ್ಲರ್ಮ್‌ನ ಡಿಪೆಂಡೆನ್ಸಿ (ಒಂದು ಮುಗಿದ ಮೇಲೆ ಇನ್ನೊಂದು) ಸೌಲಭ್ಯ ಬಳಸಿ, ಇಲ್ಲವೇ ದ್ವಾರಪಾಲಕನೇ ಹೊಸ ಜಾಬ್ ಹಾಕುವಂತೆ ಬರೆದು, ಅದನ್ನು ಆಮೇಲೆ ಶುರು ಮಾಡಿ.

ಇದರ ಲಾಭ ದೊಡ್ಡದು: ಕ್ವಾಂಟಮ್ ಉತ್ತರಕ್ಕೆ ಕಾಯುವ ಹೊತ್ತಿನಲ್ಲಿ ಜಿಪಿಯು ನೋಡ್‌ಗಳನ್ನು ಹಿಡಿದಿಟ್ಟಿರುವುದಿಲ್ಲ. ಎರಡನ್ನೂ ಒಂದೇ ಜಾಬ್‌ನೊಳಗೆ ಕಟ್ಟಿದವರ ಕೋರ್-ಗಂಟೆಗಳೆಲ್ಲ ಪಾಳಿಯಲ್ಲಿ ಕಾಯುತ್ತಲೇ ಕರಗುತ್ತವೆ. ಸ್ಲರ್ಮ್‌ನಲ್ಲಿ ಹೆಟ್ ಜಾಬ್ ಎಂಬ ವ್ಯವಸ್ಥೆ ಇದೆ, ಬೇರೆ ಬೇರೆ ಬಗೆಯ ಸಂಪನ್ಮೂಲಗಳನ್ನು ಒಟ್ಟಿಗೆ ಕೇಳಬಹುದು. ಕ್ವಾಂಟಮ್ ಯಂತ್ರ ಅದೇ ಕಟ್ಟಡದಲ್ಲಿದ್ದು ಅದೇ ಷೆಡ್ಯೂಲರ್‌ನ ಕೈಯಲ್ಲಿರುವಲ್ಲಿ ಅದು ಸರಿ. ಫಿನ್‌ಲ್ಯಾಂಡ್‌ನ ಸಂಶೋಧನಾ ಸಂಸ್ಥೆ ವಿಟಿಟಿ ತನ್ನ ಹೆಲ್ಮಿ ಯಂತ್ರವನ್ನು ಲುಮಿ ಸೂಪರ್‌ಕಂಪ್ಯೂಟರ್‌ಗೆ, ಜಪಾನಿನ ರಿಕೆನ್ ತನ್ನಲ್ಲಿ ಕೂರಿಸಿದ ಐಬಿಎಂ ಯಂತ್ರವನ್ನು ಫುಗಾಕುವಿಗೆ ಜೋಡಿಸಿರುವುದು ಇಂಥ ಉದ್ದೇಶಕ್ಕೇ. ನಿಮ್ಮ ಯಂತ್ರ ಸಮುದ್ರದಾಚೆ ಇದೆ, ಪಾಳಿ ನಿಮ್ಮ ಹಿಡಿತದಲ್ಲಿಲ್ಲ. ನಿಮಗದು ಬೇಡ.

ಜಾಬ್ ಐಡಿ ಬರೆದಿಡುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಧ್ಯರಾತ್ರಿ ಕರೆಂಟ್ ಹೋಗಿ ಸರ್ವರ್ ಬಿದ್ದರೂ ಕ್ವಾಂಟಮ್ ಜಾಬ್ ಅಲ್ಲಿ ಓಡುತ್ತಲೇ ಇರುತ್ತದೆ. ಐಡಿ ಇದ್ದರೆ ಬೆಳಿಗ್ಗೆ ಫಲಿತಾಂಶ ಎತ್ತಿಕೊಳ್ಳಬಹುದು, ಇಲ್ಲದಿದ್ದರೆ ಪ್ರೋಗ್ರಾಂ ಮತ್ತೆ ಕಳಿಸಿ ನಿಮಿಷ ಸುಡುತ್ತದೆ. ಪ್ರತಿ ಸುತ್ತಿನ ಪ್ಯಾರಾಮೀಟರ್‌ಗಳು, ಟ್ರಾನ್ಸ್‌ಪೈಲರ್‌ನ ಸೀಡ್ (ಯಾದೃಚ್ಛಿಕ ಆಯ್ಕೆಗಳ ಆರಂಭ ಸಂಖ್ಯೆ), ಯಂತ್ರದ ಹೆಸರು, ಕ್ಯಾಲಿಬ್ರೇಷನ್ ದಿನಾಂಕ ಇವನ್ನೂ ಜೊತೆಗೆ ಉಳಿಸಿ. ಟ್ರಾನ್ಸ್‌ಪೈಲರ್‌ನ ರೂಟಿಂಗ್‌ನಲ್ಲಿ ಯಾದೃಚ್ಛಿಕತೆ ಇದೆ. ಸೀಡ್ ಬದಲಾದರೆ ಎರಡು-ಕ್ಯೂಬಿಟ್ ಗೇಟ್‌ಗಳ ಸಂಖ್ಯೆಯೂ ಬದಲಾಗುತ್ತದೆ. ನಿಮ್ಮ 64 ಕೋರ್‌ಗಳಿಗೆ ಇದು ಒಳ್ಳೆಯ ಕೆಲಸ: ಹಲವು ಸೀಡ್‌ಗಳನ್ನು ಒಟ್ಟಿಗೆ ಓಡಿಸಿ, ಕಡಿಮೆ ಗೇಟ್ ಬಂದದ್ದನ್ನು ಆರಿಸಿ. ಒಂದು ರೂಪಾಯಿ ಖರ್ಚಿಲ್ಲದೆ ನಾಯ್ಸ್ ಇಳಿಸುವ ಒಳ್ಳೆಯ ಉಪಾಯ ಇದು.

ಇನ್ನು ಟೋಕನ್, ಅಂದರೆ ನಿಮ್ಮ ಖಾತೆಯ ಗುಪ್ತ ಕೀಲಿ. ಅದು ಕೋಡ್‌ನಲ್ಲಿ ಇರಬಾರದು. ಹಂಚಿಕೊಂಡ ಕ್ಲಸ್ಟರ್‌ನಲ್ಲಿ ಟೋಕನ್ ಇರುವ ಫೈಲ್ ನಿಮಗೆ ಮಾತ್ರ ಓದಲು ಬರುವಂತೆ ಅನುಮತಿ ಬಿಗಿ ಮಾಡಿ.

ಗಾಡಿಗಳ ಪಾಳಿಗೆ ಕ್ವಾಂಟಮ್ ಬೇಕೇ

ಬೇಡ. ಕಾರಣವನ್ನು ಅಂಕಿಗಳಲ್ಲೇ ಹೇಳುತ್ತೇನೆ. 36 ಗಾಡಿ, 12 ಪಾಳಿ, ಪಾಳಿಗೆ ಮೂರು ಗಾಡಿ ಎಂದಿಟ್ಟುಕೊಳ್ಳಿ. ಹಂಗಾಮಿನ ನಡುವೆ ಯಾವ ಕಾರ್ಖಾನೆಯ ಯಾರ್ಡೂ ಇಷ್ಟು ಖಾಲಿ ಇರುವುದಿಲ್ಲ. ನೀವು ಮಾಡಿದ ಹಾಗೆ ಪ್ರತಿ ಗಾಡಿ-ಪಾಳಿ ಜೋಡಿಗೆ ಒಂದು ಕ್ಯೂಬಿಟ್ ಇಟ್ಟರೆ 432 ಕ್ಯೂಬಿಟ್. ಐಬಿಎಂನ ಹೆರಾನ್ ಚಿಪ್‌ನಲ್ಲಿ ಇರುವುದು 156. ಕ್ಯೂಬಿಟ್ ಹೇಗೋ ಹೊಂದಿಸಿದರೂ, 'ಗಾಡಿಗೆ ಒಂದೇ ಪಾಳಿ' ಎಂಬ ನಿಯಮಕ್ಕೆ 2,376 ಜೋಡಿಗಳು, 'ಪಾಳಿಗೆ ಮೂರೇ ಗಾಡಿ' ಎಂಬುದಕ್ಕೆ 7,560 ಜೋಡಿಗಳು ಪರಸ್ಪರ ಮಾತಾಡಬೇಕು. ಒಟ್ಟು 9,936. ಕ್ಯೂಎಒಎ ಎಂಬ ಕ್ವಾಂಟಮ್ ಆಪ್ಟಿಮೈಸೇಷನ್ ವಿಧಾನದ ಒಂದು ಪದರಕ್ಕೆ ಜೋಡಿಗೆ ಎರಡರಂತೆ 19,872 ಎರಡು-ಕ್ಯೂಬಿಟ್ ಗೇಟ್‌ಗಳು. ದೂರದ ಕ್ಯೂಬಿಟ್‌ಗಳನ್ನು ಹತ್ತಿರ ತರುವ ಸ್ವಾಪ್‌ಗಳನ್ನು ಇನ್ನೂ ಸೇರಿಸಿಲ್ಲ. ಪ್ರತಿ ಗೇಟ್‌ನ ದೋಷ 0.3 ಶೇಕಡಾ ಎಂದು ಹಿಡಿದರೆ 300 ಗೇಟ್ ದೋಷವಿಲ್ಲದೆ ದಾಟುವ ಸಂಭವ ಶೇ 40, 1,000 ಗೇಟ್‌ಗೆ ಶೇ 5. ಸುಮಾರು 20 ಸಾವಿರಕ್ಕೆ? ಸೊನ್ನೆ ಎಂದು ಬರೆದುಕೊಳ್ಳಿ.

ಇನ್ನೊಂದು ಕಡೆಯಿಂದ ನೋಡಿ. ನಿಮ್ಮ ಲೆಕ್ಕದಲ್ಲಿ ಇರುವುದು 'ಈ ಗಾಡಿ ಈ ಪಾಳಿಗೆ ಬಂದರೆ ಇಷ್ಟು ನಷ್ಟ' ಎಂಬ ನೇರ ವೆಚ್ಚ ಮಾತ್ರವಾದರೆ ಅದು ಮಿನ್-ಕಾಸ್ಟ್ ಫ್ಲೋ (ಕನಿಷ್ಠ ವೆಚ್ಚದ ಹಂಚಿಕೆ) ಸಮಸ್ಯೆ. ಅದಕ್ಕೆ ವೇಗದ ನಿಖರ ವಿಧಾನಗಳು ದಶಕಗಳಿಂದ ಇವೆ. ಸಾವಿರ ಗಾಡಿ ಇದ್ದರೂ ಲ್ಯಾಪ್‌ಟಾಪ್‌ನಲ್ಲಿ ಆಗುವ ಕೆಲಸ. ನಿಜವಾದ ತೊಡಕು ಶುರುವಾಗುವುದು ಆಮೇಲೆ: ಒಂದೇ ಟ್ರ್ಯಾಕ್ಟರ್ ಎರಡನೇ ಖೇಪಿಗೆ ಹೋಗಬೇಕು, ಗ್ಯಾಂಗ್ ಒಂದು ಹೊಲ ಮುಗಿಸದೆ ಇನ್ನೊಂದಕ್ಕೆ ಹೋಗಬಾರದು, ಕುಳೆ ಕಬ್ಬು ಮೊದಲು ಬರಬೇಕು, ಕಡಿದ ಕಬ್ಬು ಒಂದು ದಿನದೊಳಗೆ ನುರಿಯಬೇಕು, ಇಲ್ಲದಿದ್ದರೆ ತೂಕವೂ ರಿಕವರಿಯೂ ಇಳಿಯುತ್ತವೆ. ಇವನ್ನೆಲ್ಲ ಗೂಗಲ್‌ನ ಓಆರ್-ಟೂಲ್ಸ್‌ನಲ್ಲಿರುವ ಸಿಪಿ-ಸ್ಯಾಟ್ ಎಂಬ ಸಾಲ್ವರ್‌ಗೆ (ನಿಯಮಗಳಿಗೆ ಹೊಂದುವ ಉತ್ತರ ಹುಡುಕುವ ತಂತ್ರಾಂಶ) ಕೊಡಿ. ಮುಕ್ತ ತಂತ್ರಾಂಶ, ನಿಮ್ಮ 64 ಕೋರ್‌ಗಳನ್ನೂ ದುಡಿಸುತ್ತದೆ. ಉತ್ತರ ಅತ್ಯುತ್ತಮಕ್ಕಿಂತ ಎಷ್ಟು ದೂರ ಇದೆ ಎಂಬುದನ್ನೂ ಹೇಳುತ್ತದೆ. ಈಗಿನ ಕ್ವಾಂಟಮ್ ವಿಧಾನಗಳು ಆ ಕೊನೆಯದನ್ನು ಹೇಳುವುದೇ ಇಲ್ಲ.

ಸಾವಿರ ಪಟ್ಟು ವೇಗ ಎಂದ ಮಾರಾಟಗಾರರಿಗೆ ಮೂರು ಪ್ರಶ್ನೆ ಕೇಳಿ. ಯಾವ ಕ್ಲಾಸಿಕಲ್ ಸಾಲ್ವರ್‌ಗೆ ಹೋಲಿಸಿದ್ದು, ಅದು ಎಷ್ಟು ಕೋರ್‌ಗಳಲ್ಲಿ ಓಡಿತ್ತು? ಪಾಳಿ, ಟ್ರಾನ್ಸ್‌ಪೈಲ್, ನಾಯ್ಸ್ ತಿದ್ದುಪಡಿಯ ಸಮಯ ಲೆಕ್ಕದಲ್ಲಿದೆಯೇ? ಒಳಗೆ ನಿಜವಾಗಿ ಕ್ವಾಂಟಮ್ ಯಂತ್ರ ಓಡುತ್ತದೆಯೇ, ಇಲ್ಲ 'ಕ್ವಾಂಟಮ್ ಪ್ರೇರಿತ' ಕ್ಲಾಸಿಕಲ್ ಕೋಡೇ? ಎರಡನೆಯದಾದರೆ ಕೆಟ್ಟದ್ದೇನಲ್ಲ, ಬೆಲೆ ಮಾತ್ರ ಅದಕ್ಕೆ ತಕ್ಕಂತಿರಬೇಕು. ನಿಮ್ಮದೇ ಹಳೆಯ ಹಂಗಾಮಿನ ದತ್ತಾಂಶ ಕೊಟ್ಟು ಸಿಪಿ-ಸ್ಯಾಟ್ ಜೊತೆ ಪಕ್ಕಪಕ್ಕ ಓಡಿಸಲು ಒಪ್ಪದವರೊಂದಿಗೆ ಕರಾರು ಬೇಡ.

ಹಾಗಾದರೆ ಎಲ್ಲಿ ಬೇಕು

ನಾನು ಇಷ್ಟು ಹೇಳಿದ್ದು ಈ ಕ್ಷೇತ್ರದಿಂದ ದೂರ ಹೋಗಿ ಎನ್ನಲಿಕ್ಕಲ್ಲ. ಕ್ವಾಂಟಮ್ ಭಾಗ ಒಂದೇ ಸಲ ಓಡಿ, ಆಮೇಲಿನ ಭಾರವೆಲ್ಲ ಎಚ್‌ಪಿಸಿ ಮೇಲೆ ಬೀಳುವ ಸಮಸ್ಯೆಗಳಲ್ಲಿ ಈ ಜೋಡಿ ಅರ್ಥಪೂರ್ಣ. ಈಗ ಕಾಣುವ ಒಳ್ಳೆಯ ಉದಾಹರಣೆ ರಸಾಯನಶಾಸ್ತ್ರದ್ದು, ಸ್ಯಾಂಪಲ್-ಬೇಸ್ಡ್ ಕ್ವಾಂಟಮ್ ಡಯಾಗನಲೈಸೇಷನ್, ಅಂದರೆ ಎಸ್‌ಕ್ಯೂಡಿ. 2024ರಲ್ಲಿ ಐಬಿಎಂ ಮತ್ತು ರಿಕೆನ್ ತಂಡ ಹೆರಾನ್ ಯಂತ್ರದ 77 ಕ್ಯೂಬಿಟ್‌ಗಳವರೆಗೆ ಬಳಸಿ, ಫುಗಾಕುವಿನ 6,400 ನೋಡ್‌ಗಳವರೆಗೆ ದುಡಿಸಿ, ಸಾರಜನಕದ ಅಣು ಮತ್ತು ಕಬ್ಬಿಣ-ಗಂಧಕದ ಗುಚ್ಛಗಳ ಶಕ್ತಿಮಟ್ಟ ಲೆಕ್ಕಹಾಕಿತು.

ಅದರ ನಡೆ ಗಮನಿಸಿ. ಕ್ವಾಂಟಮ್ ಯಂತ್ರದಿಂದ ಬೇಕಾದದ್ದು ಬಿಟ್ ಸಾಲುಗಳಷ್ಟೇ. ಒಂದು ಲಕ್ಷ ಶಾಟ್, ಶಾಟ್‌ಗೆ 77 ಬಿಟ್ ಎಂದರೂ ಒಂದು ಮೆಗಾಬೈಟ್ ದಾಟುವುದಿಲ್ಲ, ವಿಜಯಪುರದ ಹಳ್ಳಿಯಿಂದ ಮೊಬೈಲ್ ಡೇಟಾದಲ್ಲೂ ತರಿಸಬಹುದು. ಆಮೇಲೆ ಎಲೆಕ್ಟ್ರಾನ್ ಸಂಖ್ಯೆ ತಪ್ಪಿದ ಸಾಲುಗಳನ್ನು ಸರಿಪಡಿಸಿ, ಆಯ್ದ ಸಾಲುಗಳ ಮೇಲೆ ಹ್ಯಾಮಿಲ್ಟೋನಿಯನ್ ಅನ್ನು (ಅಣುವಿನ ಶಕ್ತಿಯ ಗಣಿತ ರೂಪ) ಬಿಡಿಸುವುದು ಪೂರಾ ಕ್ಲಾಸಿಕಲ್ ಕೆಲಸ. ಯಂತ್ರಕ್ಕೂ ಸರ್ವರ್‌ಗೂ ನಡುವೆ ನೂರಾರು ಸುತ್ತು ತಿರುಗಾಟವಿಲ್ಲ. ಈ ವಿಧಾನ ಕ್ಲಾಸಿಕಲ್ ಅನ್ನು ಮೀರಿಸಿದೆ ಎಂದು ಮಾತ್ರ ಓದಿಕೊಳ್ಳಬೇಡಿ. ಅದರ ದೊಡ್ಡ ಗುಚ್ಛಕ್ಕೆ ಡಿಎಂಆರ್‌ಜಿ ಎಂಬ ಕ್ಲಾಸಿಕಲ್ ವಿಧಾನ ಕೊಟ್ಟ ಶಕ್ತಿಮೌಲ್ಯವೇ ಇನ್ನೂ ಉತ್ತಮವಾಗಿತ್ತು. ಆದರೆ ತಂತ್ರಾಂಶ ಕಟ್ಟುವವರಿಗೆ ಕಲಿಯಲು ಇದಕ್ಕಿಂತ ಒಳ್ಳೆಯ ನಮೂನೆ ಸದ್ಯ ಇಲ್ಲ. ಇದರ ಆಡ್-ಆನ್ ಪ್ಯಾಕೇಜ್ ಮುಕ್ತವಾಗಿ ಸಿಗುತ್ತದೆ. ಸಾರಜನಕದ ಸಣ್ಣ ಉದಾಹರಣೆ ನಿಮ್ಮ ಸರ್ವರ್‌ನಲ್ಲೂ ಓಡುತ್ತದೆ, ನಿಮ್ಮ ಹತ್ತು ನಿಮಿಷದಲ್ಲೂ ಮುಗಿಯುತ್ತದೆ.

ನಿಮ್ಮ ತಂಡಕ್ಕೆ ನಾನು ಹೇಳುವುದು: ಕಾರ್ಖಾನೆಗೆ ಸಿಪಿ-ಸ್ಯಾಟ್ ಆಧಾರಿತ ತಂತ್ರಾಂಶ ಕೊಡಿ, ಹಣ ಅದರಿಂದ ಬರಲಿ. ಒಬ್ಬಿಬ್ಬರು ಎಂಜಿನಿಯರ್‌ಗಳು ವಾರದಲ್ಲಿ ಒಂದು ದಿನ ಮೇಲೆ ಹೇಳಿದ ಮೂರು ತುಂಡಿನ ಜೋಡಣೆಯನ್ನು ಎಸ್‌ಕ್ಯೂಡಿ ಉದಾಹರಣೆಯ ಮೇಲೆ ಕಟ್ಟಲಿ. ಅಪಾಯ ಒಂದೇ, ಗ್ರಂಥಾಲಯಗಳು ಬೇಗ ಬದಲಾಗುತ್ತವೆ, ಇಂದು ಬರೆದ ಕೋಡ್ ವರ್ಷದಲ್ಲಿ ಹಳತಾಗಬಹುದು. ಜೋಡಣೆಯ ಅನುಭವ ಹಳತಾಗುವುದಿಲ್ಲ. ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ ಒಪ್ಪಿದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6,003 ಕೋಟಿ ರೂಪಾಯಿಗೂ ಹೆಚ್ಚಿನ ಹಣವಿದೆ, ಅದರ ಕ್ವಾಂಟಮ್ ಕಂಪ್ಯೂಟಿಂಗ್ ಹಬ್ ಬೆಂಗಳೂರಿನ ಐಐಎಸ್‌ಸಿಯಲ್ಲಿದೆ. ದೊಡ್ಡ ಮೆಮೊರಿ ಬೇಕಾದಾಗ ಬೆಂಗಳೂರಿನ ಸಿ-ಡ್ಯಾಕ್‌ನಲ್ಲಿರುವ ಪರಮ್ ಉತ್ಕರ್ಷ್‌ನಲ್ಲಿ ಸಮಯ ಕೇಳಿ ನೋಡಬಹುದು. ಕೇಳುವಾಗ 'ಕ್ವಾಂಟಮ್ ಸಂಶೋಧನೆಗೆ' ಎಂದಷ್ಟೇ ಬರೆಯಬೇಡಿ. ಎಷ್ಟು ಕ್ಯೂಬಿಟ್, ಎಷ್ಟು ಮೆಮೊರಿ, ಎಷ್ಟು ನೋಡ್-ಗಂಟೆ ಎಂಬ ಲೆಕ್ಕ ಹಚ್ಚಿ.

ಕೊನೆಗೆ ಪೈಥಾನ್ ಪ್ರಶ್ನೆ. ಸಿ ಪ್ಲಸ್ ಪ್ಲಸ್‌ಗೆ ಹೋದರೆ ನಿಮ್ಮ ಎರಡು ದಿನದಲ್ಲಿ ಒಂದು ನಿಮಿಷವೂ ಉಳಿಯುವುದಿಲ್ಲ, ಏಕೆಂದರೆ ಆ ಹೊತ್ತು ಹೋದದ್ದು ಪಾಳಿಯಲ್ಲಿ. ಏರ್‌ನ ಒಳಗಿನ ಲೆಕ್ಕ ಈಗಾಗಲೇ ಸಿ ಪ್ಲಸ್ ಪ್ಲಸ್, ಕ್ವಿಸ್ಕಿಟ್‌ನ ಟ್ರಾನ್ಸ್‌ಪೈಲರ್‌ನ ಬಹುಭಾಗ ರಸ್ಟ್. ಮೊದಲು ಪ್ರೊಫೈಲರ್ ಹಚ್ಚಿ ಪೈಥಾನ್‌ನಲ್ಲೇ ಎಷ್ಟು ಸಮಯ ಹೋಗುತ್ತದೆ ನೋಡಿ. ಎಸ್‌ಕ್ಯೂಡಿಯ ಡಯಾಗನಲೈಸೇಷನ್ ನೂರಾರು ನೋಡ್‌ಗೆ ಬೆಳೆದ ದಿನ ಆ ಒಂದು ಭಾಗವನ್ನು ಸಿ ಪ್ಲಸ್ ಪ್ಲಸ್ ಮತ್ತು ಎಂಪಿಐಗೆ ಒಯ್ಯಿರಿ. ಕ್ವಿಸ್ಕಿಟ್ 2ರಿಂದ ಸಿ ಭಾಷೆಯ ಇಂಟರ್‌ಫೇಸ್ ಕೂಡ ಬಂದಿದೆ, ಅಂಟಿಸುವುದು ಸುಲಭ. ಅಲ್ಲಿಯವರೆಗೆ ಪೈಥಾನ್‌ನಲ್ಲೇ ಇರಿ, ಪ್ರತಿ ಪ್ರಾಜೆಕ್ಟ್‌ಗೂ ಬೇರೆ ವರ್ಚುವಲ್ ಎನ್‌ವಿರಾನ್‌ಮೆಂಟ್ ಮಾಡಿ, ಆವೃತ್ತಿ ಸಂಖ್ಯೆಗಳನ್ನು ಬಿಗಿಯಾಗಿ ಬರೆದಿಡಿ. 2024ರಲ್ಲಿ ಬಂದ ಕ್ವಿಸ್ಕಿಟ್ 1.0ರಲ್ಲಿ ಸರ್ಕ್ಯೂಟ್ ಓಡಿಸುವ ಹಳೆಯ ಎಕ್ಸಿಕ್ಯೂಟ್ ಫಂಕ್ಷನ್ನೇ ಇಲ್ಲ. ಜಾಲದಲ್ಲಿ ಸಿಗುವ ಹಳೆಯ ಪಾಠಗಳಲ್ಲಿ ಅರ್ಧಕ್ಕರ್ಧ ಅದನ್ನೇ ಬಳಸುತ್ತವೆ. ಹಳೆಯ ಆವೃತ್ತಿ ಇದ್ದ ಎನ್‌ವಿರಾನ್‌ಮೆಂಟ್ ಮೇಲೆಯೇ ಹೊಸದನ್ನು ಹೇರಿದರೆ ಎರಡೂ ಓಡುವುದಿಲ್ಲ. ಅಳಿಸಿ ಹೊಸದಾಗಿ ಕಟ್ಟಿಕೊಳ್ಳಿ.